ಪದಚರ್ಚೆ: ಕಂಪ್ಯೂಟರ್ ‘ಕ್ರ್ಯಾಶ್’ ಆಯಿತು ಅಂದರೆ ಏನಾಯಿತು?

ಬಳಗದ ಎಲ್ಲರಿಗೂ ನಮಸ್ಕಾರ.

ಕೆಲವು ಪದಗಳು ಬೇಕಾಗಿವೆ. ಮನೆಯ ಡೆಸ್ಕ್‌ಟಾಪ್ ಪದೇ ಪದೇ ಕೈಕೊಟ್ಟರೆ ಏನೇನು ನೋಡಬೇಕು ಎಂದು ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಪರಿಚಯದವರಿಗಾಗಿ ಒಂದು ಚಿಕ್ಕ ಬರಹ ಮಾಡುತ್ತಿದ್ದೇನೆ. ‘ಕ್ರ್ಯಾಶ್ ಆಯಿತು’ ಎಂದು ಬರೆದು ಮುಂದೆ ಹೋಗಬಹುದು, ಯಾರೂ ತಕರಾರು ಮಾಡುವುದಿಲ್ಲ. ಆದರೆ ಆ ಒಂದು ಮಾತಿನೊಳಗೆ ನಾಲ್ಕು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಕಂಪ್ಯೂಟರ್ ಫಕ್ಕನೆ ಆಫ್ ಆಗುವುದು. ಆಫ್ ಆಗಿ ತಾನಾಗಿಯೇ ಮತ್ತೆ ಶುರುವಾಗುವುದು. ಪರದೆಯ ಮೇಲಿನ ಚಿತ್ರ ಹಾಗೇ ನಿಂತು ಮೌಸ್ ಕೂಡ ಅಲುಗದಿರುವುದು. ನೀಲಿ ಪರದೆ ಬಂದು ಏನೋ ಇಂಗ್ಲಿಷ್ ಬರಹ ಕಾಣಿಸುವುದು. ಈ ನಾಲ್ಕಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಹಾಗಾಗಿ ಹೆಸರೂ ಬೇರೆ ಬೇರೆ ಇದ್ದರೆ ಒಳ್ಳೆಯದು ಅನಿಸಿತು.

ಇದು ಬರೀ ಪದಗಳ ಹುಚ್ಚಲ್ಲ. ರಿಪೇರಿಯವರಿಗೆ ಫೋನು ಮಾಡುವಾಗ ತೊಂದರೆ ಆಗುವುದೇ ಇಲ್ಲಿ. ನಮ್ಮಲ್ಲಿ ಮನೆಯೊಳಗೆ ಹವ್ಯಕ, ತೋಟದಲ್ಲಿ ತುಳು, ಪೇಟೆಗೆ ಹೋದರೆ ಮಲಯಾಳ. ಅಪ್ಪ ಫೋನಿನಲ್ಲಿ “ಕಂಪ್ಯೂಟರ್ ಹೋತು” ಎನ್ನುತ್ತಾರೆ. ಆಚೆಯಿಂದ ಹುಡುಗ “ಎಂದಾ ಪಟ್ಟಿಯದ್?” ಎಂದು ಕೇಳುತ್ತಾನೆ, ಏನಾಯಿತು ಅಂತ. ಅಪ್ಪ ಮತ್ತೆ “ಹೋತು ಮಾರಾಯ” ಎನ್ನುತ್ತಾರೆ. ಫ್ಯಾನ್ ತಿರುಗುತ್ತಿದೆಯಾ, ಲೈಟು ಉರಿಯುತ್ತಿದೆಯಾ, ಪರದೆಯಲ್ಲಿ ಏನಾದರೂ ಬರೆದಿತ್ತಾ, ಇದನ್ನೆಲ್ಲ ಹುಡುಗ ಒಂದೊಂದಾಗಿ ಕೇಳಬೇಕು. ಅದಕ್ಕೆ ಉತ್ತರ ಕೊಡುವಾಗ ಅಪ್ಪನಿಗೆ ಕೋಪ ಬರುತ್ತದೆ. ಮೊದಲೇ ಒಂದು ಸರಿಯಾದ ಮಾತು ಸಿಕ್ಕಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು, ಅಲ್ವಾ?

ಈಗಾಗಲೇ ಬಳಕೆಯಲ್ಲಿರುವ ಮಾತುಗಳನ್ನು ನೋಡೋಣ. ಪತ್ರಿಕೆಯವರು ‘ಸರ್ವರ್ ಕುಸಿತ’ ಎಂದು ಬರೆಯುತ್ತಾರೆ. ಕುಸಿಯುವುದು ಅಂದರೆ ಮೇಲಿನ ಭಾರ ತಾಳಲಾರದೆ ಕೆಳಗಿನದು ಜಾರುವುದು. ಮಳೆಗಾಲದಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಕಡಿದಿಟ್ಟ ಗುಡ್ಡ ಕುಸಿಯುತ್ತದೆ. ಪರೀಕ್ಷೆಯ ರಿಸಲ್ಟ್ ಬರುವ ದಿನ ಎಲ್ಲರೂ ಒಟ್ಟಿಗೆ ನುಗ್ಗಿದಾಗ ಸರ್ವರ್ ಕುಸಿಯಿತು ಅಂದರೆ ನನಗೆ ಒಪ್ಪಿಗೆ, ಅಲ್ಲಿ ನಿಜವಾಗಿಯೂ ಭಾರ ಇದೆ. ಆದರೆ ಅಡಿಕೆಯ ಲೆಕ್ಕ ಬರೆದುಕೊಂಡು, ನಡುವೆ ಒಂದು ಯಕ್ಷಗಾನದ ವಿಡಿಯೊ ಹಾಕಿಕೊಂಡು ಕೂತವರ ಮನೆಯ ಕಂಪ್ಯೂಟರಿಗೆ ಯಾವ ಭಾರ? ಅದಕ್ಕೆ ಕುಸಿತ ಎನ್ನುವುದು ಸುಮ್ನೆ ದೊಡ್ಡ ಮಾತು.

‘ಹಾಳಾಯಿತು’ ನಮ್ಮ ಕಡೆ ಎಲ್ಲದಕ್ಕೂ ಸಲ್ಲುತ್ತದೆ. ಮಿಕ್ಸಿ, ರಸ್ತೆ, ಹೊಟ್ಟೆ, ಹುಡುಗರು, ಯಾವುದೂ ಹಾಳಾಗಬಹುದು. ಇಲ್ಲಿನ ತೊಡಕು ಏನೆಂದರೆ ಹಾಳಾದದ್ದು ಹಾಗೇ ಬಿದ್ದಿರುತ್ತದೆ, ಯಾರಾದರೂ ಸರಿ ಮಾಡುವವರೆಗೆ. ನಮ್ಮ ಕಂಪ್ಯೂಟರ್ ಹಾಗಲ್ಲ. ಆಫ್ ಆದದ್ದು ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಏನೂ ಆಗದವರ ಹಾಗೆ ಎದ್ದು ಕೂರುತ್ತದೆ. ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿ ಸಂಜೆಯವರೆಗೂ ಸರಿಯಾಗಿಯೇ ಓಡುತ್ತದೆ. ಮಲಯಾಳದ ‘ಅಡಿಚ್ಚು ಪೋಯಿ’ ಇನ್ನೂ ಕಟುವಾದದ್ದು. ಬಲ್ಬು, ಮೋಟಾರು, ಬೋರ್ಡು ಸುಟ್ಟುಹೋದಾಗ ಹಾಗೆ ಹೇಳುತ್ತಾರೆ, ಆಮೇಲೆ ಹೊಸತನ್ನು ತರುವ ಮಾತು. ತುಳುವಿನಲ್ಲೂ ನಮ್ಮ ಕನ್ನಡದಲ್ಲೂ ಓಡಾಡುವ ‘ಲಗಾಡಿ’ ಇದೆಯಲ್ಲ, “ಎಲ್ಲ ಲಗಾಡಿ ಹೋಯಿತು” ಅನ್ನುವುದು, ಅದರಲ್ಲಿ ಬೇಸರ ಜಾಸ್ತಿ, ವಿವರ ಕಡಿಮೆ. ‘ಕೈಕೊಟ್ಟಿತು’ ಎನ್ನುವುದೂ ಹಾಗೆಯೇ, ಅದು ನನ್ನ ಪಾಡನ್ನು ಹೇಳುತ್ತದೆಯೇ ಹೊರತು ಯಂತ್ರದ ಪಾಡನ್ನಲ್ಲ. ಒಟ್ಟು ತೊಂದರೆಗೆ ಒಂದು ಹೆಸರು ಬೇಕಾದಾಗ ನಾನು ಅದನ್ನೇ ಬಳಸುತ್ತಿದ್ದೇನೆ. ಯಾರಿಗಾದರೂ ಆಕ್ಷೇಪ ಇದ್ದರೆ ಹೇಳಿ.

ಅಂದ ಹಾಗೆ ‘ಕ್ರ್ಯಾಶ್’ ಎನ್ನುವ ಮಾತು ಅಕ್ಷರಶಃ ನಿಜವಾಗುವ ಒಂದು ಜಾಗ ಕಂಪ್ಯೂಟರಿನಲ್ಲಿದೆ, ಹಳೆಯ ನಮೂನೆಯ ಹಾರ್ಡ್ ಡಿಸ್ಕ್. ಅದರೊಳಗಿನ ತಟ್ಟೆ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಓದುವ ಹೆಡ್ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಅದು ತಟ್ಟೆಗೆ ತಾಗಿದರೆ ಗೀರು ಬಿದ್ದು ಡೇಟಾ ಹೋಗುತ್ತದೆ. ಇದಕ್ಕೆ ನಮ್ಮ ‘ತಾಗು’ ಸಾಕು, “ಹೆಡ್ ತಾಗಿದೆ”. ಚಿಪ್‌ಗಳಲ್ಲಿ ಡೇಟಾ ಇಡುವ ಹೊಸ ನಮೂನೆಯ ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ತಾಗುವುದೂ ಇಲ್ಲ.

ಇನ್ನು ‘ಹ್ಯಾಂಗ್’. ಇದು ಕನ್ನಡದ ಮಾತೇ ಆಗಿಹೋಗಿದೆ, ನನ್ನ ಅಜ್ಜಿ ಕೂಡ ಮೊಬೈಲು ಹ್ಯಾಂಗು ಆಯಿತು ಎನ್ನುತ್ತಿದ್ದರು. ಅದನ್ನು ಕಿತ್ತುಹಾಕಿ ಬೇರೆ ತರುವ ಉಮೇದು ನನಗಿಲ್ಲ. ಆದರೂ ‘ಮರಗಟ್ಟು’ ಎನ್ನುವ ಮಾತು ಇಲ್ಲಿ ಚೆನ್ನಾಗಿ ಕೂರುತ್ತದೆ. ಕಾಲು ಮರಗಟ್ಟಿದರೆ ಕಾಲು ಇರುತ್ತದೆ, ಹೇಳಿದ ಮಾತು ಕೇಳುವುದಿಲ್ಲ, ಅಷ್ಟೆ. ಪರೀಕ್ಷೆ ಮಾಡಲು ಸುಲಭದ ದಾರಿ ಕೀಬೋರ್ಡಿನ ನಮ್ ಲಾಕ್ ಒತ್ತುವುದು. ಅದರ ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ಒಳಗೆ ಜೀವ ಇದೆ, ಯಾವುದೋ ಒಂದು ಪ್ರೋಗ್ರಾಮ್ ಮಾತ್ರ ಸಿಕ್ಕಿಹಾಕಿಕೊಂಡಿದೆ, ಸ್ವಲ್ಪ ಕಾಯಬಹುದು. ದೀಪ ಅಲುಗದಿದ್ದರೆ ಇಡೀ ವ್ಯವಸ್ಥೆಯೇ ಮರಗಟ್ಟಿರುವ ಸಂಭವ ಹೆಚ್ಚು. ಮೊದಲನೆಯದಕ್ಕೆ ‘ಸಿಕ್ಕಿಬಿತ್ತು’, ಎರಡನೆಯದಕ್ಕೆ ‘ಮರಗಟ್ಟಿತು’ ಎಂದು ಬೇರೆ ಮಾಡಿದರೆ ಹೇಗೆ?

ನೀಲಿ ಪರದೆಯ ಕತೆ ಬೇರೆ. 2024ರ ಜುಲೈ 19ರಂದು ಕಂಪ್ಯೂಟರ್ ಸುರಕ್ಷತೆಯ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ತಪ್ಪು ಅಪ್‌ಡೇಟಿನಿಂದ ವಿಮಾನ ನಿಲ್ದಾಣಗಳೆಲ್ಲ ನಿಂತಾಗ ಟಿವಿಯಲ್ಲಿ ನೋಡಿದವರಿಗೂ ಈ ಹೆಸರು ಗೊತ್ತಾಯಿತು. ಮೈಕ್ರೊಸಾಫ್ಟ್‌ನ ಅಂದಾಜಿನಂತೆ ಅಂದು ತೊಂದರೆಗೆ ಸಿಕ್ಕಿದ ವಿಂಡೋಸ್ ಯಂತ್ರಗಳು 85 ಲಕ್ಷ. ‘ನೀಲಿ ಪರದೆ’ ಕನ್ನಡದಲ್ಲಿ ಸಲೀಸಾಗಿ ನಿಂತಿತು ಅಂದುಕೊಳ್ಳುವಷ್ಟರಲ್ಲಿ 2025ರಲ್ಲಿ ವಿಂಡೋಸ್ 11ರಲ್ಲಿ ಆ ಪರದೆಯನ್ನು ಕಪ್ಪು ಮಾಡಿಬಿಟ್ಟರು! ಈಗ ಒಂದೇ ಮನೆಯಲ್ಲಿ ಹಳೆಯ ಯಂತ್ರಕ್ಕೆ ನೀಲಿ, ಹೊಸದಕ್ಕೆ ಕಪ್ಪು. ಬರೀ ಕಪ್ಪು ಪರದೆ ಅಂದರೆ ಮಾನಿಟರ್ ಕೇಬಲು ಕಳಚಿದ್ದೂ ಆಗಬಹುದು. ಹಾಗಾಗಿ ಬಣ್ಣವನ್ನು ಬಿಟ್ಟು ಕೆಲಸವನ್ನು ಹೇಳುವ ಮಾತು ಬೇಕು. ಆ ಪರದೆಯ ಅರ್ಥ ಇಷ್ಟೆ: ಒಳಗೆ ಏನೋ ತಪ್ಪಾಗಿದೆ, ಮುಂದುವರಿದರೆ ಡೇಟಾ ಕೆಡಬಹುದು, ಅದಕ್ಕೆ ನಾನೇ ನಿಲ್ಲಿಸುತ್ತಿದ್ದೇನೆ. ‘ನಿಲುಗಡೆ ಪರದೆ’ ಎನ್ನಬಹುದೇ? ಬಸ್ಸಿನ ನಿಲುಗಡೆ ನೆನಪಾದರೆ ಆಗಲಿ. ವಿಂಡೋಸಿನ ಬದಲು ಬಳಸುವ ಲಿನಕ್ಸಿನವರು ಇದೇ ಸ್ಥಿತಿಗೆ ಕರ್ನೆಲ್ ಪ್ಯಾನಿಕ್, ಅಂದರೆ ವ್ಯವಸ್ಥೆಯ ತಿರುಳಿನ ಗಾಬರಿ, ಎನ್ನುತ್ತಾರೆ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ಉಬುಂಟು ಎಂಬ ಲಿನಕ್ಸ್ ಆಧಾರಿತ ವ್ಯವಸ್ಥೆಯಲ್ಲಿ ನಡೆಯುವುದರಿಂದ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಅದೂ ಬೇಕಾಗುತ್ತದೆ. ‘ಗಾಬರಿ’ ಅಂತ ಮಾಡಿದರೆ ಮಕ್ಕಳು ನಗುತ್ತಾರೆ, ಆದರೆ ಮರೆಯುವುದಿಲ್ಲ.

ಇಲ್ಲಿ ಒಂದು ಉಪಯೋಗದ ಮಾತು. ವಿಂಡೋಸ್ ಈ ಪರದೆಯನ್ನು ತೋರಿಸಿದ ಕೂಡಲೇ ತಾನಾಗಿ ರೀಸ್ಟಾರ್ಟ್ ಮಾಡುವ ಹಾಗೆ ಮೊದಲೇ ಇಟ್ಟಿರುತ್ತಾರೆ. ಬರಹ ಓದುವಷ್ಟರಲ್ಲಿ ಮಾಯ. ಹಾಗಾಗಿ ‘ತಾನಾಗಿ ಮತ್ತೆ ಶುರುವಾಯಿತು’ ಎಂದು ದೂರು ಕೊಡುವವರಲ್ಲಿ ಎಷ್ಟೋ ಜನ ನಿಜವಾಗಿ ನಿಲುಗಡೆ ಪರದೆಯವರು. ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ, ಸ್ಟಾರ್ಟ್‌ಅಪ್ ಅಂಡ್ ರಿಕವರಿ ಎಂಬಲ್ಲಿ, ಆಟೊಮ್ಯಾಟಿಕಲಿ ರೀಸ್ಟಾರ್ಟ್ ಎನ್ನುವುದರ ಟಿಕ್ ತೆಗೆದರೆ ಪರದೆ ನಿಂತೇ ಇರುತ್ತದೆ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ರಿಪೇರಿಯವರಿಗೆ ಕಳಿಸಿದರೆ ಭಾಷೆಯ ಜಗಳವೇ ಇಲ್ಲ. ಮೆಮೊರಿ ಮ್ಯಾನೇಜ್‌ಮೆಂಟ್ ಎಂದು ಬರೆದಿದ್ದರೆ ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್ ಕಡೆ ಮೊದಲು ನೋಡುತ್ತಾರೆ, ಆದರೆ ಬಿಡಿಭಾಗಗಳನ್ನು ನಡೆಸುವ ಪ್ರೋಗ್ರಾಮ್, ಅಂದರೆ ಡ್ರೈವರ್ ಕೂಡ ಹಾಗೆ ಹೇಳಿಸಬಹುದು.

ನಾನು ಜಾಸ್ತಿ ತಲೆ ಕೆಡಿಸಿಕೊಂಡದ್ದು ಫಕ್ಕನೆ ಆಫ್ ಆಗುವುದರ ಬಗ್ಗೆ. ನಮ್ಮ ಮನೆಯದು ಅದೇ ಜಾತಿ. ಮತ್ತೆ ಆನ್ ಮಾಡಿ, ವಿಂಡೋಸಿನ ದಿನಚರಿಯಂತಿರುವ ಈವೆಂಟ್ ವ್ಯೂವರ್‌ನ ಸಿಸ್ಟಮ್ ಭಾಗ ತೆರೆದರೆ ಕರ್ನೆಲ್ ಪವರ್, ಸಂಖ್ಯೆ 41 ಎಂದು ಕೆಂಪು ಗುರುತಿನ ಸಾಲು ಸಿಗುತ್ತದೆ. ಅದನ್ನು ನೋಡಿ ಪವರ್ ಸಪ್ಲೈ ಹೋಯಿತು ಎಂದು, ಒಳಗೆ ಕರೆಂಟು ಕೊಡುವ ಡಬ್ಬವಾದ ಎಸ್‌ಎಂಪಿಎಸ್ ಬದಲಾಯಿಸಿದವರಿದ್ದಾರೆ. ಅಷ್ಟು ಅವಸರ ಬೇಡ. ಆ ಸಾಲು ಹೇಳುವುದು ‘ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದ್ದೇನೆ’ ಎಂದು ಮಾತ್ರ, ಕಾರಣವನ್ನಲ್ಲ. ಅದರ ವಿವರದಲ್ಲಿ ಬಗ್‌ಚೆಕ್‌ಕೋಡ್ ಎನ್ನುವ ಜಾಗದಲ್ಲಿ ಸೊನ್ನೆಯಲ್ಲದ ಬೇರೆ ಸಂಖ್ಯೆ ಇದ್ದರೆ ನಿಲುಗಡೆ ಪರದೆ ಬಂದಿತ್ತು. ಸೊನ್ನೆ ಇದ್ದರೆ ಹೆಚ್ಚಾಗಿ ಕರೆಂಟೇ ಕಡಿದಿದೆ, ಇಲ್ಲವೇ ಮರಗಟ್ಟಿದ್ದನ್ನು ಯಾರೋ ಬಟನ್ ಒತ್ತಿಹಿಡಿದು ಆಫ್ ಮಾಡಿದ್ದಾರೆ. ನಮ್ಮದರಲ್ಲಿ ಸೊನ್ನೆ. ನಾವು ಯಾರೂ ಬಟನ್ ಮುಟ್ಟಿರಲಿಲ್ಲ. ಅಂಗಡಿಯ ಹುಡುಗ ಎಸ್‌ಎಂಪಿಎಸ್‌ನ ಡಬ್ಬ ಬಿಚ್ಚಿ ತೋರಿಸಿದ. ಚಾರ್ಜ್ ಹಿಡಿದಿಡುವ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿ ಇರಬೇಕು, ಮೇಲೆ ಒಂದು ಸಣ್ಣ ಕೊರೆದ ಗುರುತು ಇರುತ್ತದೆ. ಒಂದೆರಡರ ತಲೆ ಗುಂಡಗೆ ಎದ್ದು, ಆ ಗುರುತಿನ ಬಾಯಿ ಬಿರಿದು, ಕಂದು ಬಣ್ಣದ ಅಂಟು ಒಣಗಿ ಕೂತಿತ್ತು. ಅವನು “ವೀರ್ತಿಟ್ಟುಂಡ್” ಎಂದ, ಊದಿಕೊಂಡಿದೆ ಅಂತ. ನಾನು ಬರಹದಲ್ಲಿ ‘ಉಬ್ಬಿದೆ’ ಎಂದು ಬರೆದಿದ್ದೆ, ಅಮ್ಮ ಅದನ್ನು ಓದಿ “ಬಾತಿದೆ ಅಂತ ಬರಿ, ಪೂರಿ ಉಬ್ಬುವುದು” ಎಂದರು. ತಿದ್ದಿದೆ. ಕೆಟ್ಟು ಊದಿಕೊಂಡದ್ದಕ್ಕೆ ಬಾತಿದ್ದೇ ಸರಿ. ಆದರೆ ಎಸ್‌ಎಂಪಿಎಸ್ ಡಬ್ಬವನ್ನು ಮನೆಯಲ್ಲಿ ಬಿಚ್ಚಬೇಡಿ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಪ್ಲಗ್ ತೆಗೆದ ಮೇಲೂ ಒಳಗೆ ಹೊಡೆಯುವಷ್ಟು ಚಾರ್ಜ್ ಉಳಿದಿರಬಹುದು.

ಆಫ್ ಆಗಲು ಇನ್ನೊಂದು ಕಾರಣ ಬಿಸಿ. ಪ್ರೊಸೆಸರ್ ಮಾದರಿಗೆ ತಕ್ಕಂತೆ ಸುಮಾರು 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮೊದಲು ವೇಗ ಇಳಿಸಿಕೊಳ್ಳುತ್ತದೆ, ಅದಕ್ಕೂ ಬಗ್ಗದಿದ್ದರೆ ತನ್ನನ್ನು ಉಳಿಸಿಕೊಳ್ಳಲು ಆಫ್ ಮಾಡುತ್ತದೆ. ಧೂಳು ತುಂಬಿದ, ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕ್, ಒಣಗಿದ ಥರ್ಮಲ್ ಪೇಸ್ಟ್, ತಿರುಗದ ಫ್ಯಾನ್. ಇದಕ್ಕೆ ಕರಾವಳಿಯವರ ‘ಮಂಡೆಬೆಚ್ಚ’ (ತಲೆಬಿಸಿ) ಎಷ್ಟು ಸರಿಹೊಂದುತ್ತದೆ ನೋಡಿ. ಮನುಷ್ಯರಿಗೆ ಹೇಳುವಾಗ ಅದು ಚಿಂತೆ, ಪ್ರೊಸೆಸರಿಗೆ ಹೇಳುವಾಗ ಇದ್ದದ್ದು ಇದ್ದ ಹಾಗೆ. ಬೆಂಗಳೂರು, ಧಾರವಾಡದವರಿಗೆ ಅರ್ಥವಾಗದು ಎಂಬ ಭಯ ಮಾತ್ರ.

ನಾಲ್ಕೂ ನಮೂನೆಗೆ ಅಂಟಿಕೊಂಡು ಬರುವ ಇನ್ನೊಂದು ಮಾತು ಬೇಕಿತ್ತು, ಒಮ್ಮೆ ಬಂದು ಒಮ್ಮೆ ಬಾರದ ತೊಂದರೆಗೆ. ‘ಮರುಕಳಿಸುವ’ ಎಂದರೆ ಮತ್ತೆ ಬರುವುದು ಗೊತ್ತಾಗುತ್ತದೆ, ನಡುವೆ ಸರಿ ಇರುವುದು ಗೊತ್ತಾಗುವುದಿಲ್ಲ. ‘ಬಿಟ್ಟು ಬಿಟ್ಟು ಬರುವ’ ಎನ್ನುವುದೇ ಸರಿ, ಜ್ವರಕ್ಕೆ ಹೇಳುವ ಹಾಗೆ. ಇಂಥದ್ದನ್ನು ಹಿಡಿಯಲು ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡು ರ‍್ಯಾಮ್ ಪಟ್ಟಿ ಇದ್ದರೆ ಒಂದನ್ನು ತೆಗೆದಿಟ್ಟು ಕೆಲವು ದಿನ ನೋಡುವುದು, ಆಮೇಲೆ ಇನ್ನೊಂದು. ಅಂಗಡಿಯಲ್ಲಿ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದರ ಹಳದಿ ಅಂಚನ್ನು ಉಜ್ಜಿ ಮತ್ತೆ ಕೂರಿಸುವುದನ್ನು ನೀವೂ ನೋಡಿರಬಹುದು. ಮಳೆಗಾಲದ ಪಸೆಗೆ ಅಂಚು ಮಂಕಾಗಿದ್ದರೆ ಅಷ್ಟರಲ್ಲೇ ಸರಿಯಾಗುವುದುಂಟು. ಆಗದಿದ್ದರೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಹಾಕಿ ರಾತ್ರಿಯಿಡೀ ಬಿಡುವುದು. ಧೂಳು ಹೊಡೆದು, ರ‍್ಯಾಮ್ ಬದಲಾಯಿಸಿ, ವಿಂಡೋಸನ್ನೂ ಹೊಸತಾಗಿ ಹಾಕಿ ಎಲ್ಲವನ್ನೂ ಒಂದೇ ದಿನ ಮಾಡಿದರೆ ಯಾವುದರಿಂದ ಸರಿಯಾಯಿತು ಎಂದು ದೇವರಿಗೂ ತಿಳಿಯದು.

ಈ ಹುಡುಕಾಟಕ್ಕೆ ಕನ್ನಡದಲ್ಲಿ ‘ದೋಷ ನಿವಾರಣೆ’ ಎನ್ನುತ್ತಾರೆ. ನಮ್ಮ ಕಡೆ ದೋಷ ಅಂದ ಕೂಡಲೇ ಜೋಯಿಸರ ಹತ್ತಿರ ಪ್ರಶ್ನೆ ಇಡಿಸುವುದು, ನಾಗನಿಗೆ ತಂಬಿಲದ ಪೂಜೆ, ಅದೇ ನೆನಪಿಗೆ ಬರುತ್ತದೆ. ತಮಾಷೆ ಬಿಟ್ಟರೂ ಒಂದು ಕೊರತೆ ಇದೆ. ನಿವಾರಣೆ ಕೊನೆಯಲ್ಲಿ ಆಗುವುದು, ಹುಡುಕುವುದೇ ದೊಡ್ಡ ಕೆಲಸ. ‘ತೊಂದರೆ ಪತ್ತೆ’ ಎಂದು ಸದ್ಯಕ್ಕೆ ಇಟ್ಟಿದ್ದೇನೆ.

ನಮ್ಮ ಹಾಗೆ ಕರ್ನಾಟಕದ ಗಡಿಯಾಚೆ ಇರುವ ಹೊಸೂರು, ತಾಳವಾಡಿ, ಮಡಕಶಿರಾ, ಆದೋನಿ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರು ಬಳಗದಲ್ಲಿದ್ದರೆ ನಿಮ್ಮ ಮನೆಮಾತಿನಲ್ಲಿ, ಪಕ್ಕದ ಭಾಷೆಯಿಂದ ಬಂದ ಮಾತುಗಳೂ ಸೇರಿ, ಏನು ಹೇಳುತ್ತೀರಿ ಎಂದು ಬರೆಯಿರಿ. ನಿಘಂಟಿನಲ್ಲಿರುವುದು ಬೇಡ, ರಿಪೇರಿಯವರ ಹತ್ತಿರ ನಿಜವಾಗಿ ಆಡಿದ ಮಾತು ಸಾಕು. ‘ಲಗಾಡಿ’ ಎಲ್ಲಿಂದ ಬಂತು ಎಂದು ಬಲ್ಲವರಿದ್ದರೆ ಅದನ್ನೂ ತಿಳಿಸಿ.

ಮತ್ತೊಂದು ಪದ ನನಗೆ ಎಲ್ಲಿಯೂ ಸಿಕ್ಕಿಲ್ಲ. ಬೇಸಿಗೆಯಲ್ಲಿ ತೋಟದ ಪಂಪು ಶುರು ಮಾಡುವಾಗ, ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಸಂಜೆ ಗುಡುಗುವಾಗ, ಬಲ್ಬು ಒಂದು ಕ್ಷಣ ಮಂಕಾಗಿ ಮತ್ತೆ ಉರಿಯುತ್ತದಲ್ಲ, ಅದು. ಕರೆಂಟು ಹೋಯಿತು ಎನ್ನುವ ಹಾಗಿಲ್ಲ, ಫ್ಯಾನು ನಿಂತಿರುವುದಿಲ್ಲ. ಆದರೆ ಎಸ್‌ಎಂಪಿಎಸ್ ಕರೆಂಟಿಲ್ಲದೆ ತಡೆದುಕೊಳ್ಳಬಲ್ಲದ್ದು ಸುಮಾರು 16–17 ಮಿಲಿಸೆಕೆಂಡು, ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತಿಗಿಂತಲೂ ಕಡಿಮೆ. ಕಣ್ಣಿಗೆ ಕಂಡೂ ಕಾಣದ ಆ ಮಂಕಿಗೆ ಯುಪಿಎಸ್ ಇಲ್ಲದ ಕಂಪ್ಯೂಟರ್ ಆಫ್ ಆಗುತ್ತದೆ, ಮನೆಯವರು “ಕರೆಂಟು ಇತ್ತಲ್ಲ” ಎನ್ನುತ್ತಾರೆ. ‘ಕರೆಂಟು ಮಿಣುಕಿತು’ ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಯಾರ ಮನೆಯಲ್ಲಾದರೂ ಇದೆಯೇ?