ಕ್ಲೌಡ್‌ನಲ್ಲಿ ಪೈಪ್ ಒಂದೇ, ಫ್ಲೇಂಜ್ ಮಾತ್ರ ಎರಡೆರಡು: 38 ಮಿಮೀ ವ್ಯತ್ಯಾಸ ಎಲ್ಲಿಂದ ಬಂತು?

ಪ್ಲಾಂಟ್‌ರೂಮ್‌ವಾಸಿ:
ಎಲ್ಲರಿಗೂ ನಮಸ್ಕಾರ. ಹಳೆಯ ಕಟ್ಟಡವೊಂದರ ಎ.ಸಿ. ವ್ಯವಸ್ಥೆ ಬದಲಿಸುವ ಕೆಲಸದಲ್ಲಿದ್ದೇನೆ. ನೆಲಮಾಳಿಗೆಯ ಪ್ಲಾಂಟ್ ರೂಮಿಗೆ ಹೊಸ ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಬರುತ್ತದೆ. ಅಲ್ಲಿಂದ ಚಿಲ್ಡ್ ವಾಟರ್ ಲೈನ್ ಉದ್ದನೆಯ ಸರ್ವಿಸ್ ಕಾರಿಡಾರ್ ಹಾದು ಶಾಫ್ಟ್ (ಮಹಡಿಗಳಿಗೆ ಪೈಪ್ ಹತ್ತುವ ಲಂಬ ಕಿಂಡಿ) ಸೇರಬೇಕು. ಎರಡೂ ತುದಿಯ ಹಳೇ ಫ್ಲೇಂಜ್ (ಬೋಲ್ಟ್ ಹಾಕಿ ಪೈಪ್ ಜೋಡಿಸುವ ಬಳೆ) ಉಳಿಯುತ್ತವೆ. ಮಧ್ಯದ್ದಕ್ಕೆ ವರ್ಕ್‌ಶಾಪ್‌ನಲ್ಲೇ ಸ್ಪೂಲ್ (ಅಳತೆಗೆ ಕತ್ತರಿಸಿ ಬೆಸೆದ ಪೈಪ್ ತುಂಡು) ಮಾಡಿ ತಂದು ಕೂರಿಸುವ ಯೋಜನೆ. ಹಳೇ ಡ್ರಾಯಿಂಗ್ ನಂಬುವ ಹಾಗಿಲ್ಲ, ಅದಕ್ಕೇ ಲೇಸರ್ ಸ್ಕ್ಯಾನ್ ಮಾಡಿಸಿದೆವು. ಅದರಿಂದ ಸಿಕ್ಕ ಬಿಂದುಗಳ 3ಡಿ ಚಿತ್ರವೇ ಈ ಕ್ಲೌಡ್. ಟ್ರೈಪಾಡ್ ಸ್ಕ್ಯಾನರ್, ಟಾರ್ಗೆಟ್ (ಸ್ಕ್ಯಾನ್ ಹೊಂದಿಸಲು ಇಡುವ ಗುರುತು) ಇಟ್ಟಿರಲಿಲ್ಲ, ಕ್ಲೌಡ್-ಟು-ಕ್ಲೌಡ್ ಜೋಡಣೆ.

ಈಗ ಸಮಸ್ಯೆ. ಒಂದು ತುದಿಯ ಫ್ಲೇಂಜ್‌ನಿಂದ ಇನ್ನೊಂದು ತುದಿಗೆ ಸುಮಾರು 30 ಮೀಟರ್. ಕ್ಲೌಡ್‌ನಲ್ಲಿ ಅಳೆದದ್ದಕ್ಕೂ ಸೈಟಿನಲ್ಲಿ ಅಳೆದದ್ದಕ್ಕೂ 38 ಮಿಮೀ ಫರಕು. ರಿಜಿಸ್ಟ್ರೇಷನ್ (ಸ್ಕ್ಯಾನ್‌ಗಳ ಜೋಡಣೆ) ರಿಪೋರ್ಟ್ ನೋಡಿದರೆ ಸರಾಸರಿ ಎರರ್ 3 ಮಿಮೀ, ಎಲ್ಲ ಹಸಿರು ಬಣ್ಣ! ಕ್ಲೌಡ್‌ನಲ್ಲಿ ಪೈಪನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಚೊಕ್ಕವಾದ ಒಂದೇ ವೃತ್ತ. ಆದರೆ ಕಾರಿಡಾರ್ ನಡುವಿನ ಫೈರ್ ಡೋರ್ ಹತ್ತಿರ ಫ್ಲೇಂಜ್, ಹ್ಯಾಂಗರ್ ರಾಡ್, ವಾಲ್ವಿನ ಹ್ಯಾಂಡ್‌ವೀಲ್ ಎಲ್ಲ ಎರಡೆರಡು ಕಾಣುತ್ತಿವೆ.

ಇದರ ಜೊತೆ ಇನ್ನೊಂದು ತಲೆನೋವು. ಹಳೇ ಡ್ರಾಯಿಂಗ್‌ನಲ್ಲಿ ಈ ಲೈನ್ 6 ಇಂಚು. ಕ್ಲೌಡ್ ನೋಡಿ ಮಾಡೆಲ್ ಮಾಡಿದವರು 10 ಇಂಚು ಎಂದು ಹಾಕಿದ್ದಾರೆ. ಯಾವುದು ಸರಿ?

ಅಳತೆಕೋಲು:
ಸ್ಕ್ಯಾನರ್ ಕ್ಯಾಲಿಬ್ರೇಷನ್ ಹೋಗಿರಬಹುದು ಸರ್. ಸರ್ವಿಸ್‌ಗೆ ಕೊಟ್ಟು ಎಷ್ಟು ಕಾಲ ಆಯಿತು ಅಂತ ಸ್ಕ್ಯಾನ್ ಮಾಡಿದವರನ್ನು ಕೇಳಿ ನೋಡಿ.

ಬಿಂದುಮೋಡ:
ಕ್ಯಾಲಿಬ್ರೇಷನ್ ಅನ್ನುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. 30 ಮೀಟರ್‌ಗೆ 38 ಮಿಮೀ ಅಂದರೆ ಮೀಟರಿಗೆ ಒಂದೂಕಾಲು ಮಿಮೀಗಿಂತ ಸ್ವಲ್ಪ ಜಾಸ್ತಿ. ಸ್ಕ್ಯಾನರ್ ದೂರವನ್ನೇ ತಪ್ಪಾಗಿ ಅಳೆಯುತ್ತಿದ್ದರೆ ಪ್ಲಾಂಟ್ ರೂಮಿನ ಒಳಗೂ ಅದೇ ಲೆಕ್ಕದಲ್ಲಿ ತಪ್ಪು ಬರಬೇಕು. 8 ಮೀಟರ್ ಗೋಡೆಗೆ 10 ಮಿಮೀ. ರೂಮಿನ ಗೋಡೆಯಿಂದ ಗೋಡೆಗೆ ಲೇಸರ್ ಡಿಸ್ಟೆನ್ಸ್ ಮೀಟರ್ ಹಿಡಿದು ನೋಡಿ ಹೇಳಿ.

ಇನ್ನೆರಡು ಪ್ರಶ್ನೆ. ನಿಮಗೆ ಯಾವ ಫೈಲ್ ಕೊಟ್ಟಿದ್ದಾರೆ? ಸ್ಕ್ಯಾನ್ ಮಾಡುವಾಗ ಆ ಫೈರ್ ಡೋರ್ ತೆರೆದಿತ್ತಾ, ಮುಚ್ಚಿತ್ತಾ?

ಪ್ಲಾಂಟ್‌ರೂಮ್‌ವಾಸಿ:
ರೂಮಿನ ಒಳಗೆ ಎಲ್ಲಿ ಅಳೆದರೂ 2 ಮಿಮೀ ಒಳಗೇ ಹೊಂದುತ್ತಿದೆ. ಹಾಗಾದರೆ ಸ್ಕ್ಯಾನರ್ ತಪ್ಪಲ್ಲ ಅಲ್ವಾ. ಫೈಲ್ ಒಂದೇ ಒಂದು, ಎಲ್ಲ ಸ್ಕ್ಯಾನ್ ಒಟ್ಟು ಸೇರಿಸಿದ್ದು. ಬಾಗಿಲಿನ ವಿಷಯ ಕ್ಲೌಡ್‌ನಲ್ಲೇ ಗೊತ್ತಾಗುತ್ತದೆ. ಬಾಗಿಲ ರೆಕ್ಕೆ ಒಂದು ಅರ್ಧ ತೆರೆದಂತೆ, ಇನ್ನೊಂದು ಪೂರ್ತಿ ತೆರೆದಂತೆ, ಎರಡೂ ಇವೆ.

ಬಿಂದುಮೋಡ:
ಕಳ್ಳ ಸಿಕ್ಕಿದ. ನಿಮ್ಮ ಮೊದಲ ಪೋಸ್ಟ್‌ನಲ್ಲೇ ಸುಳಿವಿತ್ತು: ಪೈಪ್ ಒಂದೇ, ಫ್ಲೇಂಜ್ ಎರಡು.

ಕ್ಲೌಡ್-ಟು-ಕ್ಲೌಡ್ ಏನು ಮಾಡುತ್ತದೆ ಅಂದರೆ, ಎರಡು ಸ್ಕ್ಯಾನ್‌ಗಳ ಮೇಲ್ಮೈಗಳು ಒಂದರ ಮೇಲೊಂದು ಕೂರುವವರೆಗೆ ಒಂದನ್ನು ಸರಿಸುತ್ತ ಹೋಗುತ್ತದೆ. ಕಾರಿಡಾರ್‌ನಲ್ಲಿ ಇರುವುದೇನು? ಎರಡು ಗೋಡೆ, ನೆಲ, ಸೀಲಿಂಗ್, ಉದ್ದಕ್ಕೆ ಓಡುವ ಪೈಪ್, ಕೇಬಲ್ ಟ್ರೇ. ಅಡ್ಡಕ್ಕೆ ಸರಿಯದಂತೆ ಗೋಡೆ ಹಿಡಿಯುತ್ತದೆ, ಮೇಲೆ ಕೆಳಗೆ ಆಗದಂತೆ ನೆಲ ಹಿಡಿಯುತ್ತದೆ. ಉದ್ದಕ್ಕೆ ಹಿಡಿಯುವವರೇ ಇಲ್ಲ. ಮಡಚುವ ಕೊಡೆಯ ಕೋಲು ಒಂದರೊಳಗೊಂದು ಜಾರುವ ಹಾಗೆ ಸ್ಕ್ಯಾನ್ ಉದ್ದಕ್ಕೆ ಜಾರುತ್ತದೆ. ಜಾರಿದರೂ ಗೋಡೆ ಗೋಡೆಯ ಮೇಲೇ, ಪೈಪ್ ಪೈಪಿನ ಮೇಲೇ ಕೂತಿರುತ್ತದೆ. ಲಕ್ಷಗಟ್ಟಲೆ ಬಿಂದುಗಳಲ್ಲಿ ಬಹುಪಾಲು ಇಂಥ ಮೇಲ್ಮೈಗಳದ್ದೇ. ಹಾಗಾಗಿ ಸರಾಸರಿ ಎರರ್ 3 ಮಿಮೀ ಎಂದು ಬರುತ್ತದೆ, ಹಸಿರು ಬಣ್ಣವೂ ಬರುತ್ತದೆ. ಆ ನಂಬರ್ ಸುಳ್ಳಲ್ಲ. ಅಕ್ಕಪಕ್ಕದ ಎರಡು ಸ್ಕ್ಯಾನ್‌ಗಳ ಮೇಲ್ಮೈ ಎಷ್ಟು ಹತ್ತಿರ ಕೂತಿವೆ ಎಂದಷ್ಟೇ ಅದು ಹೇಳುತ್ತದೆ. ಈ ತುದಿಯಿಂದ ಆ ತುದಿಗೆ ದೂರ ಸರಿಯೋ ಅಂತ ಅದು ಹೇಳುವುದೇ ಇಲ್ಲ.

ಉದ್ದಕ್ಕೆ ಜಾರದಂತೆ ಹಿಡಿಯಬೇಕಾದದ್ದು ಫ್ಲೇಂಜ್, ಬ್ರಾಕೆಟ್, ಬಾಗಿಲ ಚೌಕಟ್ಟಿನಂಥ ಅಡ್ಡ ಮುಖಗಳು. ನಿಮ್ಮಲ್ಲಿ ಬಾಗಿಲಿನ ಆಚೆ ಈಚೆ ಸ್ಕ್ಯಾನ್‌ಗಳಿಗೆ ಪರಸ್ಪರ ಕಾಣುವುದೇ ಆ ಕಿಂಡಿಯಷ್ಟು. ಸಾಲದ್ದಕ್ಕೆ ಬಾಗಿಲ ರೆಕ್ಕೆಯೇ ಜಾಗ ಬದಲಿಸಿದೆ. ಸಾಫ್ಟ್‌ವೇರ್ ಪಾಪ, ಆ ರೆಕ್ಕೆಯನ್ನೂ ಹೊಂದಿಸಲು ನೋಡುತ್ತದೆ.

ಕ್ಲೌಡನ್ನು ಮೇಲಿನಿಂದ, ನೆಲಕ್ಕೆ ಸಮಾನಾಂತರವಾಗಿ ತೆಳ್ಳಗೆ ಕತ್ತರಿಸಿ ನೋಡಿ. ಸ್ಕ್ಯಾನ್ ಪರಿಶೀಲಿಸುವವರು ಬಹಳ ಸಲ ಪೈಪಿನ ಅಡ್ಡ ಸೆಕ್ಷನ್ ಮಾತ್ರ ನೋಡಿ ಪಾಸ್ ಮಾಡಿಬಿಡುತ್ತಾರೆ. ಕಾರಿಡಾರ್‌ಗಳಲ್ಲಿ ಅದು ಏನೂ ಪ್ರಯೋಜನವಿಲ್ಲ.

ಪ್ಲಾಂಟ್‌ರೂಮ್‌ವಾಸಿ:
ಹೌದು ಸರ್! ಮೇಲಿನಿಂದ ನೋಡಿದರೆ ಚೌಕಟ್ಟಿನ ಅಂಚು ಸ್ಪಷ್ಟವಾಗಿ ಎರಡು ಗೆರೆ. ನಡುವಿನ ಅಂತರ 30 ಮಿಮೀ ಮೇಲಿದೆ. ಈಗ ಆ ಅರ್ಧವನ್ನು ಅಷ್ಟು ಹಿಂದಕ್ಕೆ ತಳ್ಳಿದರೆ ಆಯಿತಾ?

ಬಿಂದುಮೋಡ:
ದಯವಿಟ್ಟು ಬೇಡ. ಜಾರಿದ ಜೊತೆ ಸ್ವಲ್ಪ ತಿರುಗಿರಲೂಬಹುದು. ಬಾಗಿಲ ಹತ್ತಿರ ಕಾಣದಷ್ಟು ತಿರುವು ಶಾಫ್ಟ್ ಮುಟ್ಟುವಷ್ಟರಲ್ಲಿ ದೊಡ್ಡದಾಗುತ್ತದೆ. ಅಲ್ಲದೆ ಒಂದೇ ಫೈಲಿಗೆ ಸೇರಿಸಿಬಿಟ್ಟ ಮೇಲೆ ಯಾವ ಬಿಂದು ಸ್ಕ್ಯಾನರ್ ಇಟ್ಟ ಯಾವ ಜಾಗದ್ದು, ಅಂದರೆ ಯಾವ ಸೆಟಪ್‌ನದು ಎಂದು ಬಿಡಿಸುವುದು ಕಷ್ಟ. ಸ್ಕ್ಯಾನ್ ಮಾಡಿದವರಿಂದ ಪ್ರತಿ ಸೆಟಪ್ ಬೇರೆ ಬೇರೆ ಇರುವ ಇ57 ಫೈಲ್ (ಸ್ಕ್ಯಾನ್ ವಿನಿಮಯದ ಫಾರ್ಮ್ಯಾಟ್) ಕೇಳಿ ತೆಗೆದುಕೊಳ್ಳಿ. ಇ57 ಒಳಗೆ ಒಂದೊಂದು ಸ್ಕ್ಯಾನೂ ಅದರ ಸ್ಥಾನದ ಸಮೇತ ಪ್ರತ್ಯೇಕವಾಗಿ ಉಳಿಯಬಲ್ಲದು. ಕೇಳದಿದ್ದರೆ ಯಾರೂ ಕೊಡುವುದಿಲ್ಲ. ಮುಂದಿನ ಕೆಲಸದಲ್ಲಿ ವರ್ಕ್ ಆರ್ಡರ್‌ನಲ್ಲೇ ಬರೆಸಿಬಿಡಿ.

ಆಮೇಲೆ ಬಾಗಿಲನ್ನು ಪೂರ್ತಿ ತೆರೆದು, ಅಲ್ಲಾಡದಂತೆ ಏನಾದರೂ ತುರುಕಿ, ಹೊಸ್ತಿಲ ಮೇಲೇ ಸ್ಕ್ಯಾನರ್ ಇಟ್ಟು ಒಂದು ಸ್ಕ್ಯಾನ್ ತೆಗೆಸಿ. ಅದು ಎರಡೂ ಕಡೆ ನೋಡುತ್ತದೆ. ಎರಡೂ ಕಡೆ ಗೋಡೆಗೆ ಚೆಕರ್‌ಬೋರ್ಡ್ ಟಾರ್ಗೆಟ್ ಅಂಟಿಸಿ, ಒಂದೇ ಸಾಲಿನಲ್ಲಿ ಬೇಡ, ಎತ್ತರ ಬದಲಿಸಿ. ಸಾಧ್ಯವಾದರೆ ಸರ್ವೆಯವರ ಅಳತೆ ಯಂತ್ರ ಟೋಟಲ್ ಸ್ಟೇಷನ್‌ನಿಂದ ಆ ಟಾರ್ಗೆಟ್‌ಗಳನ್ನು ಅಳೆಸಿ, ಆಗ ಉದ್ದ ಸರಿಯೋ ತಪ್ಪೋ ಅನ್ನುವುದಕ್ಕೆ ಸ್ಕ್ಯಾನ್‌ನ ಹೊರಗಿನ ಸಾಕ್ಷಿ ಸಿಕ್ಕಂತಾಯಿತು. ಶಾಫ್ಟ್ ಕಡೆಯಿಂದ ಪ್ಲಾಂಟ್ ರೂಮಿಗೆ ಬೇರೆ ದಾರಿ ಇದ್ದರೆ ಅಲ್ಲೂ ಸ್ಕ್ಯಾನ್ ಮಾಡಿ ಹೊರಟ ಜಾಗಕ್ಕೇ ಬಂದು ಸೇರುವಂತೆ ಸುತ್ತು ಮುಚ್ಚಿಸಿ.

ಹಳೇಫಿಟ್ಟರ್:
10 ಇಂಚಿನ ವಿಷಯಕ್ಕೆ ನಾನು ಬರುತ್ತೇನೆ. ಆ ಲೈನಿಗೆ ಇನ್ಸುಲೇಷನ್ ಇದೆಯಲ್ಲ? ಲೆಕ್ಕ ನೋಡಿ. 6 ಇಂಚು ಪೈಪಿನ ಹೊರವ್ಯಾಸ 168.3 ಮಿಮೀ. ಸುತ್ತ 50 ಮಿಮೀ ಇನ್ಸುಲೇಷನ್ ಹಾಕಿದರೆ 268.3. ಮೇಲೆ ಅಲ್ಯೂಮಿನಿಯಂ ಹಾಳೆ ಸೇರಿ 269 ಅಂದುಕೊಳ್ಳಿ. ಬರೀ 10 ಇಂಚು ಪೈಪಿನ ಹೊರವ್ಯಾಸ 273. ನಡುವೆ ಇರುವುದು 4 ಮಿಮೀ! ಹೊಳೆಯುವ ಹಾಳೆಯ ಮೇಲೆ ಲೇಸರ್ ಚೆದುರಿ ಅಳತೆ ಅಷ್ಟು ಏರುಪೇರಾಗುವುದು ಮಾಮೂಲು. ಮಾಡೆಲ್ ಸಾಫ್ಟ್‌ವೇರ್ ಹತ್ತಿರದ ಸೈಜ್ ಹುಡುಕಿ 10 ಇಂಚು ಅಂದಿದೆ. ಕೂತಲ್ಲೇ ಮಾಡೆಲ್ ಮಾಡುವವರು ಪಾಪ ಹೂಂ ಅಂದಿದ್ದಾರೆ.

ಲೇಸರ್ ಹೊರಗಿನ ಚರ್ಮ ಮಾತ್ರ ನೋಡುತ್ತದೆ. ಒಳಗಿನದು ತಿಳಿಯಬೇಕಾದರೆ ಫ್ಲೇಂಜ್ ಹತ್ತಿರ ಹೋಗಿ. ಪಿಎನ್ 16 (ಒತ್ತಡದ ದರ್ಜೆ) ಆಗಿದ್ದರೆ ಡಿಎನ್ 150 (6 ಇಂಚಿನದೇ ಮೆಟ್ರಿಕ್ ಹೆಸರು) ಫ್ಲೇಂಜಿಗೆ 8 ಬೋಲ್ಟು, ಹೊರವ್ಯಾಸ 285 ಮಿಮೀ. ಡಿಎನ್ 250ಕ್ಕೆ, ಅಂದರೆ 10 ಇಂಚಿಗೆ, 12 ಬೋಲ್ಟು, 405 ಮಿಮೀ. ಎಣಿಸಿದರೆ ಮುಗಿಯಿತು. ವಾಲ್ವಿನ ಮೈಮೇಲೆ ಸೈಜ್ ಎರಕದಲ್ಲೇ ಮೂಡಿರುತ್ತದೆ, ಬಣ್ಣ ಕೆರೆದು ಓದಿ. ಹೇಗೂ ಹೋಗುತ್ತೀರಿ, ಒಂದು ಕಡೆ ಇನ್ಸುಲೇಷನ್ ಬಿಚ್ಚಿಸಿ ಅಲ್ಟ್ರಾಸಾನಿಕ್ ಗೇಜ್‌ನಲ್ಲಿ ಪೈಪಿನ ದಪ್ಪವನ್ನೂ ಅಳೆಯಿರಿ. ಚಿಲ್ಡ್ ವಾಟರ್ ಲೈನ್‌ನಲ್ಲಿ ಇನ್ಸುಲೇಷನ್ ಒಳಗೆ ನೀರು ಹನಿಗಟ್ಟಿ ಪೈಪ್ ತಿಂದುಹಾಕಿರುತ್ತದೆ. ಕ್ಲೌಡ್‌ನಲ್ಲಿ ಅದು ಹೊಸ ಪೈಪಿನ ಹಾಗೇ ಕಾಣುತ್ತದೆ.

ಪ್ಲಾಂಟ್‌ರೂಮ್‌ವಾಸಿ:
ಬಂದೆ. 8 ಬೋಲ್ಟು. ವಾಲ್ವಿನ ಮೇಲೆ 150 ಅಂತಲೇ ಇದೆ. ಹಳೇಫಿಟ್ಟರ್ ಅವರಿಗೆ ದೊಡ್ಡ ನಮಸ್ಕಾರ. ಇನ್ಸುಲೇಷನ್ ಬಿಚ್ಚಿದ ಕಡೆ ಕೆಳಭಾಗದಲ್ಲಿ ತುಕ್ಕು ಇದೆ. ಹಾಗಾಗಿ ಉಳಿಸಬೇಕೆಂದಿದ್ದ ಶಾಫ್ಟ್ ಕಡೆಯ ತುಂಡನ್ನೂ ಬದಲಿಸುವ ಮಾತು ನಡೆಯುತ್ತಿದೆ.

ಬಾಗಿಲಲ್ಲಿ ಸ್ಕ್ಯಾನ್ ತೆಗೆದು, ಟಾರ್ಗೆಟ್ ಇಟ್ಟು, ಬಿಡಿ ಸೆಟಪ್‌ಗಳನ್ನು ಮತ್ತೆ ಜೋಡಿಸಿದರು. ಈಗ ಚೌಕಟ್ಟು ಒಂದೇ ಗೆರೆ. ಟೋಟಲ್ ಸ್ಟೇಷನ್ ಅಳತೆಗೆ 3 ಮಿಮೀ ಒಳಗೆ ಹೊಂದುತ್ತಿದೆ. ಆದರೆ ಫ್ಲೇಂಜ್‌ನಿಂದ ಫ್ಲೇಂಜ್‌ಗೆ ನಾನು ಸೈಟಿನಲ್ಲಿ ಅಳೆದದ್ದಕ್ಕೆ ಇನ್ನೂ 7 ಮಿಮೀ ಕಡಿಮೆ ಬರುತ್ತಿದೆ. ಇದೇನು?

ಬಿಂದುಮೋಡ:
ಸ್ಕ್ಯಾನ್ ಮಾಡುವಾಗ ಪ್ಲಾಂಟ್ ಓಡುತ್ತಿತ್ತಾ? ನೀವು ಅಳೆಯುವಾಗ?

ಪ್ಲಾಂಟ್‌ರೂಮ್‌ವಾಸಿ:
ಸ್ಕ್ಯಾನ್ ಮಾಡುವಾಗ ಓಡುತ್ತಿತ್ತು, ಎರಡು ಸಲವೂ. ನಾನು ಅಳೆದದ್ದು ಶಟ್‌ಡೌನ್‌ನಲ್ಲಿ.

ಬಿಂದುಮೋಡ:
ಹಾಗಿದ್ದರೆ ಅರ್ಥವಾಯಿತು. ಉಕ್ಕಿನ ಪೈಪ್ ಮೀಟರಿಗೆ ಪ್ರತಿ ಡಿಗ್ರಿಗೆ ಸುಮಾರು 0.012 ಮಿಮೀ ಹಿಗ್ಗುತ್ತದೆ. ಓಡುವಾಗ 7 ಡಿಗ್ರಿ ನೀರು, ನಿಂತಾಗ ರೂಮಿನ 27 ಡಿಗ್ರಿ ಅಂದರೆ 20 ಡಿಗ್ರಿ ವ್ಯತ್ಯಾಸ. 30 ಮೀಟರ್‌ಗೆ 7.2 ಮಿಮೀ. ತಣ್ಣಗಿದ್ದಾಗ ಕುಗ್ಗಿರುತ್ತದೆ, ಅದಕ್ಕೇ ಕ್ಲೌಡ್‌ನಲ್ಲಿ ಕಡಿಮೆ. ನಿಮ್ಮ ಆ್ಯಂಕರ್ (ಪೈಪ್ ಸರಿಯದಂತೆ ಬಿಗಿದ ಜಾಗ) ಎಲ್ಲಿದೆ ಅನ್ನುವುದರ ಮೇಲೆ ಪೂರ್ತಿ ಕುಗ್ಗದೆಯೂ ಇರಬಹುದು, ಆದರೆ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಬಿಸಿನೀರಿನ ಲೈನ್ ಆಗಿದ್ದರೆ 60 ಡಿಗ್ರಿ ವ್ಯತ್ಯಾಸಕ್ಕೆ 21 ಮಿಮೀ ದಾಟುತ್ತಿತ್ತು.

ಆದ್ದರಿಂದ ಸ್ಕ್ಯಾನ್ ಸರಿಯಿದೆಯೇ ಎಂದು ನೋಡಲು ಗೋಡೆ, ಕಂಬದ ಅಳತೆ ಹಿಡಿಯಿರಿ. ಅವು ಪ್ಲಾಂಟ್ ಓಡಿದರೂ ನಿಂತರೂ ಅಲ್ಲೇ ಇರುತ್ತವೆ. ಸ್ಪೂಲ್ ಕೂರಿಸುವುದು ಶಟ್‌ಡೌನ್‌ನಲ್ಲಿ, ಹಾಗಾಗಿ ಫ್ಲೇಂಜ್ ಅಳತೆ ಶಟ್‌ಡೌನ್‌ನದೇ ಇರಲಿ.

ಹಳೇಫಿಟ್ಟರ್:
ಲೆಕ್ಕ ಎಷ್ಟೇ ಹೊಂದಿದರೂ ಎಲ್ಲ ಸ್ಪೂಲನ್ನೂ ಎರಡೂ ಕಡೆ ಫ್ಲೇಂಜ್ ಬೆಸೆದು ತರಬೇಡಿ. ಒಂದು ಜಾಯಿಂಟನ್ನು ಸೈಟ್ ವೆಲ್ಡಿಂಗ್‌ಗೆ ಬಿಡಿ. ಅಲ್ಲಿ ಪೈಪ್ 100 ಮಿಮೀ ಜಾಸ್ತಿ ಇರಲಿ, ಕೂರಿಸಿ ನೋಡಿ ಕತ್ತರಿಸಿ. ಎಲ್ಲಿ ಬಿಡುತ್ತೀರಿ ಅನ್ನುವುದು ಮುಖ್ಯ: ವೆಲ್ಡರ್ ಕೈ ಪೈಪಿನ ಸುತ್ತಲೂ ಆಡಬೇಕು. ಗೋಡೆಗೆ ಅಂಟಿದ ಜಾಗದಲ್ಲಿ ಬಿಟ್ಟರೆ ಬೈಸಿಕೊಳ್ಳುತ್ತೀರಿ. ಕ್ಲೌಡ್ ಅದಕ್ಕೇ ಬಹಳ ಉಪಯೋಗ, ಸುತ್ತ ಎಷ್ಟು ಜಾಗ ಇದೆ ಎಂದು ಆಫೀಸಿನಲ್ಲೇ ನೋಡಬಹುದು.

ಚೌಕಟ್ಟು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮಲ್ಲಿ ಕೈಯಲ್ಲಿ ಹಿಡಿದು ನಡೆಯುತ್ತ ಸ್ಕ್ಯಾನ್ ಮಾಡುವ ಯಂತ್ರ ಇದೆ. ಇಂಥ ಕೆಲಸಕ್ಕೆ ಅದು ಸಾಕಾ? ನಮ್ಮ ಕರಾರಿನಲ್ಲಿ ಎಲ್‌ಒಎ 30 ಅಂತ ಬರೆದಿದೆ.

ಬಿಂದುಮೋಡ:
ಎಲ್‌ಒಎ 30 ಅನ್ನುವುದು ನಿಖರತೆಯ ಮಟ್ಟ, ತಪ್ಪು 5ರಿಂದ 15 ಮಿಮೀ ಒಳಗೆ. ನಡೆದು ಮಾಡುವ ಸ್ಕ್ಯಾನ್ ಸಾಮಾನ್ಯವಾಗಿ ಸೆಂಟಿಮೀಟರ್ ಲೆಕ್ಕದ್ದು. ಉದ್ದ ಕಾರಿಡಾರ್‌ನಲ್ಲಿ ಅದೂ ಹೀಗೇ ಜಾರುತ್ತದೆ. ಚಿಲ್ಲರ್ ಒಳಗೆ ತರುವ ದಾರಿ, ಡಕ್ಟ್ ಹೋಗುವ ಜಾಗ, ಸೀಲಿಂಗ್ ಎತ್ತರ ನೋಡಲು ಧಾರಾಳ ಸಾಕು. ಫ್ಲೇಂಜ್‌ಗೆ ಫ್ಲೇಂಜ್ ಕೂರಿಸಲು ಬೇಡ. ಕರಾರಿನಲ್ಲಿ ಆ 30 ಕ್ಲೌಡ್‌ಗೋ, ಮಾಡೆಲ್‌ಗೋ ಅಂತಲೂ ಕೇಳಿ. ಅಳತೆಗೆ ಬೇರೆ, ಮಾಡೆಲ್‌ಗೆ ಬೇರೆ ಮಟ್ಟ ಹಾಕಬಹುದು. ಎರಡೂ ಬರೆಯದೆ ಬಿಟ್ಟರೆ ಕೊನೆಗೆ ಜಗಳ. ಫಾಲ್ಸ್ ಸೀಲಿಂಗ್ ಇದ್ದರೆ ಟೈಲ್ ತೆಗೆಸದೆ ಸ್ಕ್ಯಾನ್‌ಗೆ ಹೋಗಲೇಬೇಡಿ.

ಪ್ಲಾಂಟ್‌ರೂಮ್‌ವಾಸಿ:
ಸೈಟ್ ವೆಲ್ಡಿಂಗ್ ಜಾಯಿಂಟನ್ನು ಬಾಗಿಲಿನ ಪ್ಲಾಂಟ್ ರೂಮ್ ಕಡೆಗೆ ಗುರುತು ಹಾಕಿದ್ದೇನೆ, ಅಲ್ಲಿ ಪೈಪಿನ ಸುತ್ತ 400 ಮಿಮೀ ಖಾಲಿ ಇದೆ. ಹಳೇಫಿಟ್ಟರ್ ಸರ್, ಇಷ್ಟು ಸಾಕಾ?

ಹಳೇಫಿಟ್ಟರ್:
ಸಾಕು. ಮೇಲಿನ ಕೇಬಲ್ ಟ್ರೇ ಆ 400ರಲ್ಲಿ ಬಂದಿಲ್ಲ ತಾನೇ? ಬಂದಿದ್ದರೆ ವೆಲ್ಡಿಂಗ್ ದಿನ ಕೇಬಲ್ ಮೇಲೆ ಫೈರ್ ಬ್ಲಾಂಕೆಟ್ ಹೊದಿಸಿಕೊಳ್ಳಿ.