ಅಪ್‌ಡೇಟ್: ರಕ್ತದಾನಕ್ಕೆ ನಮ್ಮ ಬೀದಿ ಹುಡುಗರು ಬಂದರು

ಗಣೇಶನ ಹಬ್ಬಕ್ಕೆ ಮುಂಚೆ ಇಲ್ಲಿ ಕೇಳಿದ್ದೆ, ಆರ್ಕೆಸ್ಟ್ರಾ ಚಂದಾ ಎತ್ತೋಕೆ ಅಷ್ಟು ಓಡಾಡುವ ಹುಡುಗರನ್ನು ರಕ್ತದಾನಕ್ಕೆ ಕರೆತರೋದು ಹೇಗೆ ಅಂತ. ಭಾಷಣ ಬೇಡ, ಕೆಲಸ ಅವರ ಕೈಗೇ ಕೊಡಿ ಅಂತ ಜಾಸ್ತಿ ಜನ ಹೇಳಿದಿರಿ. ಹಾಗೇ ಮಾಡಿದೆ.

ಪೆಂಡಾಲ್ ಪಕ್ಕದಲ್ಲೇ ಶಿಬಿರ. ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿದ್ದು, ಫ್ಯಾನು, ಜೂಸು ಹೊಂದಿಸಿದ್ದು ಎಲ್ಲ ಅವರೇ. ಚಂದಾ ಪುಸ್ತಕದ ಹಿಂದಿನ ಹಾಳೆಯಲ್ಲೇ ಮನೆಮನೆಯ ಹೆಸರು, ರಕ್ತದ ಗುಂಪು ಬರೆದುಕೊಂಡು ಬಂದರು.

18 ತುಂಬದವರೂ ಸಾಲಿನಲ್ಲಿ ನಿಂತಿದ್ದರು ಪಾಪ, ಅವರಿಗೆ ಜೂಸ್ ಹಂಚುವ ಕೆಲಸ ಸಿಕ್ಕಿತು. ತಿಂಡಿ ತಿನ್ನದೆ ಬಂದವರನ್ನು ನರ್ಸಮ್ಮ ಗದರಿ ಕಳಿಸಿದರು, ಅವರು ಎದುರಿನ ಹೋಟೆಲಲ್ಲಿ ಇಡ್ಲಿ ತಿಂದು ಮತ್ತೆ ಬಂದರು. ಬೇಜಾರಾಗಿದ್ದು ಒಂದೇ. ಹಿಮೋಗ್ಲೋಬಿನ್ 12.5 ಇರಬೇಕಲ್ವಾ, ಅದಿಲ್ಲದೆ ವಾಪಸಾದ ಹುಡುಗಿಯರೇ ಜಾಸ್ತಿ. ಮುಂದಿನ ಸಲ ಶಿಬಿರಕ್ಕೆ ಮೊದಲೇ ಅವರಿಗೆ ರಕ್ತಪರೀಕ್ಷೆ ಮಾಡಿಸಬೇಕು.

ಸರ್ಟಿಫಿಕೇಟ್ ಆಸೆಗೆ ಬರ್ತಾರಷ್ಟೇ ಅಂತ ಒಬ್ಬರು ಮೂಗು ಮುರಿದಿದ್ದರು. ಬರಲಿ ಬಿಡಿ! ಕಾಲೇಜು ಹುಡುಗರ ರಾಷ್ಟ್ರೀಯ ಸೇವಾ ಯೋಜನೆ, ಅಂದ್ರೆ ಎನ್‌ಎಸ್‌ಎಸ್‌ನಲ್ಲೂ ಎರಡು ವರ್ಷಕ್ಕೆ 240 ಗಂಟೆ ಸೇವೆ ಅಂತ ಲೆಕ್ಕ ಇದೆ, ಸರ್ಟಿಫಿಕೇಟೂ ಇದೆ, ಹಾಗಂತ ಅವರು ನೆಟ್ಟ ಗಿಡ ಸುಳ್ಳಾ?

ರಾಜ್ಯೋತ್ಸವಕ್ಕೆ ಇನ್ನೊಂದು ಶಿಬಿರ ಅಂತ ಹುಡುಗರು ಕುಣಿಯುತ್ತಿದ್ದಾರೆ. ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳ ಅಂತರ ಬೇಕು, ಅಷ್ಟರಲ್ಲಿ ಆಗಲ್ಲ. ಅದಕ್ಕೇ ಪಕ್ಕದ ಬೀದಿಯವರನ್ನು ಎಳೆದು ತರ್ತೀವಿ ಅಂತಿದ್ದಾರೆ.