ವೇದಿಕೆಯ ಚಿತ್ರೀಕರಣಕ್ಕೆ ಯಾವ ಕ್ಯಾಮ್‌ಕಾರ್ಡರ್: ಸೋನಿ ಎಎಕ್ಸ್53 ಅಥವಾ ಎಎಕ್ಸ್100?

ಪ್ರಶ್ನೆ

ನಾನು ನೃತ್ಯ ಮತ್ತು ನಾಟಕದ ಪ್ರದರ್ಶನಗಳನ್ನು ಸಭಾಂಗಣದ ಕೊನೆಯ ಸಾಲಿನಲ್ಲಿ ಟ್ರೈಪಾಡ್ ನಿಲ್ಲಿಸಿಕೊಂಡು ಚಿತ್ರೀಕರಿಸುತ್ತೇನೆ. ಈಗಿರುವ ಹಳೆಯ ಕ್ಯಾಮ್‌ಕಾರ್ಡರ್‌ನಲ್ಲಿ ಎಲ್ಲವೂ ಆಟೋ. ಹಿಂದೆ ಕಪ್ಪು ಪರದೆಯಿದ್ದರೆ ಅದು ಇಡೀ ಚಿತ್ರವನ್ನು ಬೆಳಗಿಸಲು ಹೊರಡುತ್ತದೆ; ಕಳೆದ ಪ್ರದರ್ಶನದ ಒಂದು ದೃಶ್ಯದಲ್ಲಿ ನರ್ತಕಿಯ ಕಣ್ಣು ಮತ್ತು ಹುಬ್ಬುಗಳನ್ನು ಬಿಟ್ಟರೆ ಮುಖದ ಯಾವ ವಿವರವೂ ಉಳಿದಿರಲಿಲ್ಲ. ಆದ್ದರಿಂದ 4ಕೆ ಎನ್ನುವುದಕ್ಕಿಂತ ಮಂದ ಬೆಳಕಿನಲ್ಲಿ ಸ್ವಚ್ಛವಾದ ಚಿತ್ರ ಮತ್ತು ಐರಿಸ್ (ಬೆಳಕು ಒಳಬರುವ ಲೆನ್ಸ್‌ನ ತೆರಪು), ಶಟರ್ (ಪ್ರತಿ ಫ್ರೇಮ್‌ಗೆ ಬೆಳಕು ಬೀಳುವ ಅವಧಿ), ಗೇನ್ (ಸಿಕ್ಕ ಸಂಕೇತವನ್ನು ವಿದ್ಯುನ್ಮಾನವಾಗಿ ಹಿಗ್ಗಿಸುವುದು) ಮೂರರ ಮೇಲೂ ಹಿಡಿತ ನನಗೆ ಮುಖ್ಯ. ಸೋನಿಯ ಎಫ್‌ಡಿಆರ್-ಎಎಕ್ಸ್53 ಮತ್ತು ಎಎಕ್ಸ್100 ಎರಡರಲ್ಲಿ ಯಾವುದು ಈ ಕೆಲಸಕ್ಕೆ ಒಗ್ಗುತ್ತದೆ ಎಂದು ಬಳಸಿದವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ಮೊದಲು ಬೆಳಕನ್ನು ಗ್ರಹಿಸಿ ಚಿತ್ರವಾಗಿಸುವ ಸೆನ್ಸರ್ ನೋಡೋಣ. 2014ರ ಎಎಕ್ಸ್100ರಲ್ಲಿ 1 ಇಂಚಿನ ಸೆನ್ಸರ್ ಇದೆ. 2016ರ ಎಎಕ್ಸ್53ರಲ್ಲಿ ಇರುವುದು 1/2.5 ಇಂಚಿನದು. ವಿಸ್ತೀರ್ಣದಲ್ಲಿ ಮೊದಲನೆಯದು ಎರಡನೆಯದರ ಸರಿಸುಮಾರು ನಾಲ್ಕು ಪಟ್ಟು, ಅಂದರೆ ಬೆಳಕಿನ ಲೆಕ್ಕದಲ್ಲಿ ಎರಡು ಸ್ಟಾಪ್‌ಗಳಷ್ಟು ಅನುಕೂಲ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟಾದಂತೆ). ಆದರೆ ಈ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿದರೆ ತಪ್ಪಾಗುತ್ತದೆ. ಎಎಕ್ಸ್53ರ ಲೆನ್ಸ್ ಅಗಲ ನೋಟದಲ್ಲಿ ಎಫ್/2.0ರವರೆಗೆ ತೆರೆದುಕೊಳ್ಳುತ್ತದೆ (ಈ ಅಂಕಿ ಚಿಕ್ಕದಾದಷ್ಟೂ ತೆರಪು ದೊಡ್ಡದು), ಎಎಕ್ಸ್100ರದು ಎಫ್/2.8ರವರೆಗೆ ಮಾತ್ರ, ಹೀಗಾಗಿ ಗಳಿಸಿದ ಎರಡು ಸ್ಟಾಪ್‌ಗಳಲ್ಲಿ ಒಂದು ಅಲ್ಲೇ ಕರಗಿಹೋಗುತ್ತದೆ. ಪೂರ್ತಿ ಜೂಮ್ ಮಾಡಿದಾಗ ಎಫ್/3.8 ಮತ್ತು ಎಫ್/4.5ರ ನಡುವೆ ಸುಮಾರು ಅರ್ಧ ಸ್ಟಾಪ್‌ನ ಅಂತರವಷ್ಟೇ ಇರುವುದರಿಂದ, ನಿಮ್ಮಂತೆ ದೂರದಿಂದ ಚಿತ್ರೀಕರಿಸುವವರಿಗೆ ದೊಡ್ಡ ಸೆನ್ಸರ್‌ನ ಲಾಭ ಹೆಚ್ಚು ಉಳಿಯುತ್ತದೆ. ಅದೇ ಹೊತ್ತಿಗೆ ಒಂದು ತೊಡಕೂ ಇದೆ: ಎಎಕ್ಸ್100ರ ಜೂಮ್ 12 ಪಟ್ಟು, ಎಎಕ್ಸ್53ರದು 20 ಪಟ್ಟು. ಕೊನೆಯ ಸಾಲಿನಿಂದ ಮುಖದ ಕ್ಲೋಸಪ್ ಬೇಕೆಂದರೆ ಈ ವ್ಯತ್ಯಾಸ ಸಣ್ಣದಲ್ಲ.

ಉತ್ತರ 2

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ, ಆದರೂ ನನ್ನ ಅಭಿಪ್ರಾಯದಲ್ಲಿ ನಿಮ್ಮ ತೊಂದರೆಗೆ ಉತ್ತರವಿರುವುದು ಗುಂಡಿಗಳಲ್ಲಿ. ಎಎಕ್ಸ್100ರಲ್ಲಿ ಐರಿಸ್, ಗೇನ್, ಶಟರ್‌ಗಳಿಗೆ ಬೇರೆ ಬೇರೆ ಗುಂಡಿಗಳಿವೆ. ಒಂದನ್ನು ಒತ್ತಿ ಡಯಲ್ ತಿರುಗಿಸಿದರೆ ಸಾಕು, ಮೆನುವಿನೊಳಗೆ ಹುಡುಕುವ ಕೆಲಸವಿಲ್ಲ. ಲೆನ್ಸ್‌ನ ಸುತ್ತಲಿನ ರಿಂಗ್ ಅನ್ನು ಫೋಕಸ್‌ಗೋ ಜೂಮ್‌ಗೋ ಬಳಸಿಕೊಳ್ಳಬಹುದು. ಎಎಕ್ಸ್53ರಲ್ಲಿ ಲೆನ್ಸ್‌ನ ಬಳಿ ಒಂದೇ ಒಂದು ಪುಟ್ಟ ಡಯಲ್ ಇದ್ದು, ಎಲ್ಲ ಹೊಂದಾಣಿಕೆಗೂ ಅದನ್ನೇ ಹಂಚಿಕೊಳ್ಳಬೇಕು. ದೃಶ್ಯ ನಡೆಯುತ್ತಿರುವಾಗ ಕತ್ತಲಲ್ಲಿ ತಡಕಾಡುವವರಿಗೆ ಇದರ ಬೆಲೆ ಗೊತ್ತು.

ಶಟರ್ ವಿಷಯದಲ್ಲಿ ಒಂದು ಎಚ್ಚರಿಕೆ. ಸೆಕೆಂಡಿಗೆ 25 ಫ್ರೇಮ್‌ಗಳಲ್ಲಿ ಚಿತ್ರೀಕರಿಸುವುದಾದರೆ 1/50ಕ್ಕೆ ಇಟ್ಟು ಅಲ್ಲೇ ಬಿಡಿ; 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ದೀಪಗಳ ಮಿನುಗು ಆಗ ಕಾಣಿಸುವುದಿಲ್ಲ, ಕೈಕಾಲುಗಳ ಚಲನೆಯೂ ಸಹಜವಾಗಿರುತ್ತದೆ. ಗೇನ್ ಅನ್ನು 6 ಡಿಬಿ ಏರಿಸಿದರೆ ಒಂದು ಸ್ಟಾಪ್ ಬೆಳಕು ಸಿಕ್ಕಂತೆ, ಜೊತೆಗೆ ಕಾಳುಕಾಳಾದ ನಾಯ್ಸ್ ಕೂಡ ಬರುತ್ತದೆ. ಆದ್ದರಿಂದ ಐರಿಸ್ ಪೂರ್ತಿ ತೆರೆದ ಮೇಲಷ್ಟೇ ಗೇನ್‌ಗೆ ಕೈಹಾಕಿ.

ಉತ್ತರ 3

ಎಎಕ್ಸ್53ರ ಪರವಾಗಿಯೂ ಒಂದು ಮಾತು ಹೇಳಬೇಕು. ಅದರಲ್ಲಿ ಲೆನ್ಸ್ ಮತ್ತು ಸೆನ್ಸರ್ ಒಟ್ಟಾಗಿ ತೇಲುವಂತೆ ಅಲುಗಾಡುವುದರಿಂದ ಕೈಯಲ್ಲಿ ಹಿಡಿದು ನಡೆದಾಡುತ್ತ ತೆಗೆದ ಚಿತ್ರವೂ ಬಹಳ ಸ್ಥಿರವಾಗಿರುತ್ತದೆ, ಈ ವಿಷಯದಲ್ಲಿ ಎಎಕ್ಸ್100 ಅದಕ್ಕೆ ಸಾಟಿಯಲ್ಲ. ಟ್ರೈಪಾಡ್ ಬಳಸುವ ನಿಮಗೆ ಇದು ಅಷ್ಟಾಗಿ ಬೇಕಿಲ್ಲ. ಬಯಲಿನಲ್ಲಿ ಬಿಸಿಲಿನ ಪ್ರದರ್ಶನಗಳೂ ಇದ್ದರೆ ಮಾತ್ರ ಎಎಕ್ಸ್100ರೊಳಗಿನ ಎನ್‌ಡಿ ಫಿಲ್ಟರ್‌ಗಳನ್ನು (ಬಣ್ಣ ಕೆಡಿಸದೆ ಬೆಳಕನ್ನು ತಗ್ಗಿಸುವ ಗಾಜುಗಳು) ಗಮನಿಸಿ: ಬೆಳಕನ್ನು 1/4, 1/16, 1/64ಕ್ಕೆ ಇಳಿಸುವ ಮೂರು ಹಂತಗಳಿವೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಗೆಳೆಯರೊಬ್ಬರ ಎಎಕ್ಸ್100 ಅನ್ನು ಕೇಳಿ ಪಡೆದು ನಿನ್ನೆಯ ತಾಲೀಮಿಗೆ ಒಯ್ದಿದ್ದೆ. ಶಟರ್ 1/50, ಗೇನ್ 9 ಡಿಬಿ ಇಟ್ಟು, ಜೀಬ್ರಾ ಪಟ್ಟೆಗಳನ್ನು (ಅತಿಯಾಗಿ ಬೆಳಗಿದ ಭಾಗಗಳ ಮೇಲೆ ಕ್ಯಾಮ್‌ಕಾರ್ಡರ್‌ನ ತೆರೆ ತೋರಿಸುವ ಎಚ್ಚರಿಕೆಯ ಗೆರೆಗಳು) ಶೇಕಡಾ 100ರ ಬೆಳಕಿನ ಮಟ್ಟಕ್ಕೆ ಹೊಂದಿಸಿ, ನರ್ತಕಿಯ ಹಣೆಯ ಮೇಲೆ ಆ ಪಟ್ಟೆಗಳು ಮಾಯವಾಗುವವರೆಗೆ ಐರಿಸ್ ಮುಚ್ಚುತ್ತಾ ಬಂದೆ. ಕಪ್ಪು ಪರದೆ ಕಪ್ಪಾಗಿಯೇ ಉಳಿಯಿತು, ಕೆನ್ನೆಯ ಮೇಲಿನ ಬಣ್ಣ ಮತ್ತು ಮೂಗಿನ ಪಕ್ಕದ ನೆರಳು ಸ್ಪಷ್ಟವಾಗಿ ಕಂಡವು. ಬೆಳಕು ನೀಲಿಗೆ ತಿರುಗಿದಾಗ ಮಾತ್ರ ಚಿತ್ರ ಥಟ್ಟನೆ ಕತ್ತಲಾಗಿ, ಐರಿಸ್ ತೆರೆಯುವಷ್ಟರಲ್ಲಿ ಎರಡು ಮೂರು ಸೆಕೆಂಡುಗಳು ಕಳೆದವು. ಬೆಳಕಿನ ಬದಲಾವಣೆಗಳನ್ನು ಮುಂಚಿತವಾಗಿ ಬರೆದಿಟ್ಟುಕೊಳ್ಳುವುದು ನನ್ನ ಕೆಲಸ. 12 ಪಟ್ಟು ಜೂಮ್ ಕೊನೆಯ ಸಾಲಿನಿಂದ ಸಾಲಲಿಲ್ಲ, ಹಾಗಾಗಿ ಟ್ರೈಪಾಡ್ ಅನ್ನು ನಡು ಓಣಿಗೆ ತಂದು ಆರು ಸಾಲು ಮುಂದಕ್ಕೆ ಇಡಲು ಅನುಮತಿ ಪಡೆದಿದ್ದೇನೆ. ಎಎಕ್ಸ್100 ಅನ್ನೇ ಕೊಳ್ಳುತ್ತೇನೆ.